ಪಟ್ಟವೆಂಬ ಕಟ್ಟು

2022ರ ಸೆಪ್ಟೆಂಬರ್ ತಿಂಗಳ ಒಂದು ಮಧ್ಯಾಹ್ನ ಬಿ.ಎ. ಎರಡನೆಯ ವರ್ಷದ ತರಗತಿಯಲ್ಲಿ ನಾನು ಹಳಗನ್ನಡ ಕಾವ್ಯಗಳಲ್ಲಿ ಬರುವ ರಾಜವರ್ಣನೆಯನ್ನು ಕುರಿತು ಪಾಠ ಹೇಳುತ್ತಿದ್ದೆ. ಅರಸನ ಕೀರ್ತಿಯನ್ನು ಬೆಳುದಿಂಗಳಿಗೂ ಪ್ರತಾಪವನ್ನು ಸೂರ್ಯನಿಗೂ ಹೋಲಿಸುವುದು ನಮ್ಮ ಕವಿಗಳಿಗೆ ಎಷ್ಟು ರೂಢಿಯೋ, ಆ ಹೋಲಿಕೆಗಳನ್ನು ಕೇಳುತ್ತ ಆಕಳಿಸುವುದು ನಮ್ಮ ವಿದ್ಯಾರ್ಥಿಗಳಿಗೆ ಅಷ್ಟೇ ರೂಢಿ. ಆದರೆ ಅಂದು ಅವರು ಆಕಳಿಸುತ್ತಿರಲಿಲ್ಲ. ಮೇಜಿನ ಕೆಳಗೆ ಮೊಬೈಲ್ ಫೋನು ಹಿಡಿದು ಏನನ್ನೋ ನೋಡುತ್ತಿದ್ದರು. ಗದರಿಸಿ ಕೇಳಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಸಂಕೋಚದಿಂದ ಅದನ್ನು ನನ್ನ ಮುಂದೆ ಹಿಡಿದಳು. ಲಂಡನ್ನಿನ ಥೇಮ್ಸ್ ನದಿಯ ದಂಡೆಯ ಮೇಲೆ ಮೈಲಿಗಟ್ಟಲೆ ಉದ್ದದ ಸಾಲೊಂದು ಕಾಣುತ್ತಿತ್ತು. ಆ ತಿಂಗಳ 8ರಂದು ತೀರಿಕೊಂಡ ಎರಡನೆಯ ಎಲಿಜಬೆತ್ ರಾಣಿಯ ಶವಪೆಟ್ಟಿಗೆಯ ಮುಂದೆ ಒಂದು ಕ್ಷಣ ತಲೆಬಾಗಿ ಹೋಗುವುದಕ್ಕಾಗಿ ಜನ ಹಗಲೂ ರಾತ್ರಿಯೂ ನಿಂತಿದ್ದರು.

"ಸರ್, ಈ ರಾಣಿ ಏನೂ ಆಳಲಿಲ್ಲವಲ್ಲ? ಆಳಿದ್ದೆಲ್ಲ ಮಂತ್ರಿಗಳು ತಾನೆ? ಮತ್ತೆ ಇವರೆಲ್ಲ ಯಾಕೆ ಹೀಗೆ ನಿಂತಿದ್ದಾರೆ?" ಎಂದು ಆ ಹುಡುಗಿ ಕೇಳಿದಳು.

ಪ್ರಶ್ನೆ ಚೆನ್ನಾಗಿತ್ತು. ಮೇಷ್ಟರಿಗೆ ಒಳ್ಳೆಯ ಪ್ರಶ್ನೆಗಿಂತ ಹೆಚ್ಚಿನ ಪ್ರಲೋಭನೆ ಬೇರೊಂದಿಲ್ಲ. ಪುಸ್ತಕವನ್ನು ಮಡಿಸಿಟ್ಟು ಉತ್ತರ ಹೇಳತೊಡಗಿದೆ. 1936ರಲ್ಲಿ ದೊಡ್ಡಪ್ಪನಾದ ಎಂಟನೆಯ ಎಡ್ವರ್ಡ್ ಒಂದು ವರ್ಷವೂ ತುಂಬುವ ಮುನ್ನ ಸಿಂಹಾಸನವನ್ನು ಬಿಟ್ಟುಕೊಟ್ಟದ್ದರಿಂದ, ಹತ್ತು ವರ್ಷದ ಹುಡುಗಿಯೊಬ್ಬಳು ಎಣಿಸದೆಯೇ ಪಟ್ಟದ ದಾರಿಗೆ ಬಂದು ನಿಂತಳೆಂದೂ, ತನ್ನ ಇಪ್ಪತ್ತೊಂದನೆಯ ಹುಟ್ಟುಹಬ್ಬದ ದಿನ, 1947ರಲ್ಲಿ, ತನ್ನ ಆಯುಷ್ಯವೆಲ್ಲ ಸೇವೆಗೇ ಮೀಸಲೆಂದು ಬಾನುಲಿಯಲ್ಲಿ ಮಾತು ಕೊಟ್ಟಳೆಂದೂ, 1952ರಿಂದ ಎಪ್ಪತ್ತು ವರ್ಷ ಆ ಮಾತನ್ನು ನಡೆಸಿದಳೆಂದೂ ವಿವರಿಸಿದೆ. ಸಾಯುವುದಕ್ಕೆ ಎರಡೇ ದಿನ ಮುಂಚೆ, ತೊಂಬತ್ತಾರರ ಮುಪ್ಪಿನಲ್ಲಿ, ಕೋಲೂರಿಕೊಂಡು ನಿಂತು ತನ್ನ ಕಾಲದ ಹದಿನೈದನೆಯ ಪ್ರಧಾನಮಂತ್ರಿಯನ್ನು ನೇಮಿಸಿದ ಚಿತ್ರವನ್ನು ಹುಡುಗರು ಆಗಲೇ ನೋಡಿದ್ದರು.

ಬಳಿಕ, ಕನ್ನಡದ ಮೇಷ್ಟರಿಗೆ ಸಹಜವಾದ ಚಾಪಲ್ಯದಿಂದ, ಶಬ್ದಗಳ ಕಡೆಗೆ ಹೊರಳಿದೆ. "ನಮ್ಮ ಭಾಷೆಯಲ್ಲಿ ಅರಸನಿಗೆ ಪಟ್ಟವನ್ನು ಏನು ಮಾಡುತ್ತಾರೆ? ಕಟ್ಟುತ್ತಾರೆ. ಪಟ್ಟವೆಂದರೆ ಹಣೆಗೆ ಕಟ್ಟುವ ಪಟ್ಟಿ. ಹಣೆಗೆ ಕಟ್ಟಿದ್ದು ಕೈಗೂ ಕಾಲಿಗೂ ಕಟ್ಟಿದ ಹಾಗೆಯೇ. ಇನ್ನು 'ಆಳು' ಎಂಬ ಮಾತನ್ನು ನೋಡಿ. ಕ್ರಿಯಾಪದವಾದರೆ ರಾಜ್ಯವಾಳುವುದು, ನಾಮಪದವಾದರೆ ಕೂಲಿಯಾಳು. ಎರಡರ ಧಾತುವೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ರೂಪ ಒಂದೇ ಆಗಿರುವುದರಲ್ಲಿ ಒಂದು ಸೊಗಸುಂಟು. ಆ ರಾಣಿ ಆಳಲಿಲ್ಲ, ಆಳಾಗಿದ್ದಳು. ಅದಕ್ಕೇ ಜನ ನಿಂತಿದ್ದಾರೆ" ಎಂದೆ. ತರಗತಿ ನಿಶ್ಶಬ್ದವಾಗಿತ್ತು. ನನ್ನ ಮಾತು ನನಗೇ ಹಿತವಾಗಿತ್ತೆಂದು ಒಪ್ಪಿಕೊಳ್ಳಬೇಕು.

ಆಗ ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಹುಡುಗನೊಬ್ಬ ಎದ್ದು ನಿಂತ. ಹೆಚ್ಚು ಮಾತನಾಡುವವನಲ್ಲ. "ಸರ್, ನಮ್ಮಜ್ಜನೂ ವಂಶದಿಂದ ಬಂದ ಕೆಲಸಾನೇ ಮಾಡಿದ್ದು. ಊರಿನ ತೋಟಿ. ಅವರಿಗೂ ಕಟ್ಟಿದ್ದೇ. ಅವರು ಸತ್ತಾಗ ಯಾರೂ ಸಾಲು ನಿಲ್ಲಲಿಲ್ಲ" ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ಉತ್ತರ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು. ಗಂಟೆ ಹೊಡೆದದ್ದಕ್ಕೆ ಅಂದು ನನಗಾದ ನೆಮ್ಮದಿಯನ್ನು ಈಗ ನೆನೆದರೂ ನಾಚಿಕೆಯಾಗುತ್ತದೆ.

ಕೆಲವೇ ದಿನಗಳಲ್ಲಿ ದಸರೆಯ ರಜೆ ಬಂತು. ಮೈಸೂರು ಸೀಮೆಯ ನಮ್ಮ ಹಳೆಯ ಮನೆಗೆ ಹೋದೆ. ಆ ಮನೆಯ ದೇವರ ಗೂಡಿನಲ್ಲಿ, ಶ್ರೀನಿವಾಸನ ಪಟದ ಪಕ್ಕದಲ್ಲೇ, ನಾಲ್ವಡಿ ಕೃಷ್ಣರಾಜ ಒಡೆಯರ ಪಟವೊಂದು ಇಂದಿಗೂ ಇದೆ. ಅದನ್ನು ಅಲ್ಲಿಟ್ಟವರು ನಮ್ಮ ಅಜ್ಜಿ. 1940ರ ಆಗಸ್ಟ್‌ನಲ್ಲಿ ನಾಲ್ವಡಿಯವರು ತೀರಿಕೊಂಡಾಗ ಅಜ್ಜಿಗೆ ಹದಿನಾರು ವರ್ಷ. ಊರಿನಲ್ಲಿ ಅಂದು ಒಲೆ ಹೊತ್ತಲಿಲ್ಲವೆಂದು ಹೇಳುತ್ತಿದ್ದರು. ಅವರು ಆ ಅರಸರ ಹೆಸರನ್ನು ಎಂದೂ ಎತ್ತಿದವರಲ್ಲ. "ಆಳಿದ ಮಹಾಸ್ವಾಮಿಯವರು" ಎಂದೇ ಅನ್ನುತ್ತಿದ್ದರು. ಗತಿಸಿದ ಅರಸರನ್ನು ಹೀಗೆ ಕರೆಯುವುದು ಹಳೆಯ ಮೈಸೂರಿನವರ ವಾಡಿಕೆ. ಗಂಡನ ಹೆಸರು ಹೇಳದ ಆ ತಲೆಮಾರಿನ ಹೆಂಗಸರು ಅರಸನ ಹೆಸರನ್ನೂ ಹೇಳುತ್ತಿರಲಿಲ್ಲ.

ಹುಡುಗನ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿರುವಾಗ ಆ ಪಟದ ಮುಂದೆ ಕೈಮುಗಿಯುವುದು ನನಗೆ ಸಾಧ್ಯವಾಗಲಿಲ್ಲ. ಕೈಮುಗಿಯದೆ ಬರುವುದೂ ಸಾಧ್ಯವಾಗಲಿಲ್ಲ. ಮರುದಿನ ಚಾಮುಂಡಿಬೆಟ್ಟಕ್ಕೆ ಹೋದೆ. ದೇವಿಯ ಗುಡಿಯಲ್ಲಿ ಇನ್ನೊಬ್ಬ ಕೃಷ್ಣರಾಜರು ಕೈಮುಗಿದು ನಿಂತಿದ್ದಾರೆ. ಇವರು ಮುಮ್ಮಡಿಯವರು. ರಾಣಿಯರನ್ನು ಪಕ್ಕದಲ್ಲಿಟ್ಟುಕೊಂಡು ಭಕ್ತಭಂಗಿಯಲ್ಲಿ ನಿಂತ ಅವರ ಆಳೆತ್ತರದ ವಿಗ್ರಹವನ್ನು ಯಾತ್ರಿಕರಲ್ಲಿ ಹೆಚ್ಚಿನವರು ಗಮನಿಸದೆ ಮುಂದೆ ಸರಿಯುತ್ತಾರೆ. ಅಂದು ನಾನು ಬಹಳ ಹೊತ್ತು ಅಲ್ಲಿ ನಿಂತೆ. ದೀರ್ಘಕಾಲ ಪಟ್ಟದಲ್ಲಿದ್ದ ಅರಸರ ವಿಚಾರದಲ್ಲಿ ಜನರ ಮನಸ್ಸು ಹೇಗೆ ನಡೆದುಕೊಳ್ಳುತ್ತದೆಂಬುದನ್ನು ತಿಳಿಯಬೇಕಾದರೆ ಲಂಡನ್ನಿಗೆ ಹೋಗಬೇಕಾಗಿಲ್ಲ. ಆ ಪಾಠವನ್ನು ನಮ್ಮ ಮೈಸೂರು ಎರಡು ಶತಮಾನಗಳ ಹಿಂದೆಯೇ ಕಲಿತಿತ್ತು.

ಮುಮ್ಮಡಿ ಕೃಷ್ಣರಾಜರ ಕಥೆಯನ್ನು ವಾಚಕರು ಬಲ್ಲರು. ಆದರೂ ಅದರ ಮುಖ್ಯ ಸಂಗತಿಗಳನ್ನು ಒಮ್ಮೆ ಸಾಲಾಗಿ ಜೋಡಿಸಿ ನೋಡುವುದು ಒಳ್ಳೆಯದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಮಡಿದ. ಜೂನ್ 30ರಂದು ಮೈಸೂರಿನಲ್ಲಿ, ಹಳೆಯ ಅರಮನೆ ಹಾಳಾಗಿದ್ದುದರಿಂದ ಚಪ್ಪರವೊಂದರ ಕೆಳಗೆ, ಐದು ವರ್ಷವೂ ತುಂಬದ ತಂದೆಯಿಲ್ಲದ ಮಗುವೊಂದಕ್ಕೆ ಪಟ್ಟ ಕಟ್ಟಿದರು. ಕಟ್ಟಿಸಿದವರು ಇಬ್ಬರು: ವಂಶಕ್ಕೆ ರಾಜ್ಯವನ್ನು ಮರಳಿ ದೊರಕಿಸಬೇಕೆಂದು ಜೀವಮಾನವೆಲ್ಲ ಹೋರಾಡಿದ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು ಒಂದು ಕಡೆ, ತನ್ನ ಲೆಕ್ಕಾಚಾರ ತನಗಿದ್ದ ಇಂಗ್ಲಿಷ್ ಕಂಪನಿ ಇನ್ನೊಂದು ಕಡೆ. ಮಗುವನ್ನು ಕೇಳಿದವರು ಯಾರೂ ಇಲ್ಲ. ಪಾರಂಪರ್ಯದ ಕರ್ತವ್ಯವೆಂಬುದು ಯಾವಾಗಲೂ ಹೀಗೆಯೇ ಆರಂಭವಾಗುತ್ತದೆ.

ಹನ್ನೊಂದು ವರ್ಷ ಕಾಲ ದಿವಾನ್ ಪೂರ್ಣಯ್ಯನವರು ರಾಜ್ಯಭಾರ ನಡೆಸಿದರು. ಆಮೇಲೆ ಸುಮಾರು ಇಪ್ಪತ್ತು ವರ್ಷ ಅರಸರು ತಾವೇ ಆಳಿದರು. ಆ ಇಪ್ಪತ್ತು ವರ್ಷಗಳು ಅವರಿಗೆ ಕೀರ್ತಿ ತಂದವೆಂದು ಹೇಳಲಾಗದು. ವರ್ಷವರ್ಷವೂ ಕಂಪನಿಗೆ 7 ಲಕ್ಷ ವರಹ ಪೊಗದಿ ಸಲ್ಲಬೇಕು. ಅರಮನೆಯ ಔದಾರ್ಯಕ್ಕೆ ಮಿತಿಯಿಲ್ಲ. ಬೊಕ್ಕಸ ಬರಿದಾಗುತ್ತ ಬಂತು. ಇಷ್ಟು ಹಣ ಎತ್ತಿಕೊಡುತ್ತೇನೆಂದು ಅಮಲ್ದಾರ ಬರೆದುಕೊಟ್ಟು ಅಧಿಕಾರಕ್ಕೆ ಬರುವ 'ಶರತ್ತು' ಪದ್ಧತಿ ಜಾರಿಯಲ್ಲಿತ್ತು. ಬರೆದುಕೊಟ್ಟವನು ಹಣವನ್ನು ಎಲ್ಲಿಂದ ಎತ್ತಬೇಕು? ರೈತನ ಕಣಜದಿಂದ. 1830ರಲ್ಲಿ ನಗರದ ಸೀಮೆಯ ರೈತರು ಕೂಟಗಳನ್ನು ಸೇರಿಸಿ, ಕಂದಾಯ ಕೊಡುವುದಿಲ್ಲವೆಂದು ನಿಂತರು. ಕೆಳದಿಯ ವಂಶಕ್ಕೆ ಸೇರಿದವನು ತಾನೆಂದು ಹೇಳಿಕೊಂಡ ಬೂದಿ ಬಸಪ್ಪ ಎಂಬಾತ ಅವರ ನಡುವೆ ಎದ್ದ. ದಂಗೆಯನ್ನಡಗಿಸಲು ಅರಸರ ಸೇನೆ ಹೋಯಿತು, ಕಂಪನಿಯ ಸೇನೆ ಹೋಯಿತು, ರಕ್ತ ಹರಿಯಿತು. 1831ರ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕನ ಆಜ್ಞೆಯಂತೆ ಅರಸರ ಅಧಿಕಾರ ಕಂಪನಿಯ ಕೈಗೆ ಹೋಯಿತು.

ಇಲ್ಲಿ ಒಂದು ಮಾತನ್ನು ಹೇಳದೆ ಮುಂದುವರಿದರೆ ಅನ್ಯಾಯವಾಗುತ್ತದೆ. ಬೆಂಟಿಂಕನೇ ನೇಮಿಸಿದ ವಿಚಾರಣಾ ಸಮಿತಿ 1833ರಲ್ಲಿ ವರದಿ ಒಪ್ಪಿಸಿದಾಗ, ಅರಸರ ದುರಾಡಳಿತದ ಸುದ್ದಿಯಲ್ಲಿ ಅತಿಶಯೋಕ್ತಿ ಸಾಕಷ್ಟಿತ್ತೆಂದು ತಿಳಿದುಬಂತು. ರಾಜ್ಯದ ಒಂದು ಭಾಗವನ್ನಾದರೂ ಹಿಂದಿರುಗಿಸೋಣವೆಂದು ಬೆಂಟಿಂಕ್ ಯೋಚಿಸಿದ. ಲಂಡನ್ನಿನ ಒಡೆಯರು ಒಪ್ಪಲಿಲ್ಲ. ಆದರೂ ನಗರದ ರೈತರ ನೋವು ಅತಿಶಯೋಕ್ತಿಯಾಗಿರಲಿಲ್ಲ. ಸುಮ್ಮನೆ ಯಾರೂ ಹೊಲ ಬಿಟ್ಟು ಕೂಟ ಕಟ್ಟುವುದಿಲ್ಲ.

ಅಲ್ಲಿಂದ ಮುಂದಿನದೇ ವಿಚಿತ್ರ. 1831ರಿಂದ 1868ರ ಮಾರ್ಚ್ 27ರವರೆಗೆ, ಮೂವತ್ತಾರು ವರ್ಷಗಳಿಗೂ ಹೆಚ್ಚು ಕಾಲ, ಮುಮ್ಮಡಿಯವರು ರಾಜ್ಯವಿಲ್ಲದ ರಾಜರಾಗಿ ಬಾಳಿದರು. ಆಡಳಿತ ನಡೆದದ್ದು ಬೆಂಗಳೂರಿನಲ್ಲಿ, ಮಾರ್ಕ್ ಕಬ್ಬನ್ನನ ಕಚೇರಿಯಲ್ಲಿ. 1834ರಿಂದ 1861ರವರೆಗೆ ಅವನೇ ಕಮೀಷನರು. ಅರಸರಿಗೆ ಉಳಿದದ್ದು ವರ್ಷಕ್ಕೆ ಒಂದು ಲಕ್ಷ ವರಹ, ಆದಾಯದಲ್ಲಿ ಐದನೆಯ ಒಂದು ಪಾಲು, ಅರಮನೆ, ದಸರೆಯ ದರ್ಬಾರು. ಹುಟ್ಟಿನಿಂದ ಬಂದ ಕರ್ತವ್ಯದ ತಿರುಳು ಹೋಗಿ ಕರಟ ಮಾತ್ರ ಉಳಿದಿತ್ತು. ಬೇರೆ ಯಾರಾದರೂ ಆಗಿದ್ದರೆ ಕೊರಗಿ ಸಾಯುತ್ತಿದ್ದರು, ಇಲ್ಲವೆ ಭೋಗದಲ್ಲಿ ಮುಳುಗಿ ಹೋಗುತ್ತಿದ್ದರು.

ಇವರು ಹಾಗೆ ಮಾಡಲಿಲ್ಲ. ಅಧಿಕಾರ ಕಳೆದುಕೊಂಡ ಎರಡೇ ವರ್ಷದಲ್ಲಿ, 1833ರಲ್ಲಿ, ಮೈಸೂರಿನಲ್ಲಿ ಉಚಿತ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. ಅದೇ ಬೆಳೆದು ಮಹಾರಾಜಾ ಕಾಲೇಜಾಯಿತು. ಪಂಡಿತರನ್ನೂ ಕವಿಗಳನ್ನೂ ಸಂಗೀತಗಾರರನ್ನೂ ಸಾಕಿದರು. 'ಶ್ರೀತತ್ತ್ವನಿಧಿ'ಯಂಥ ಮಹಾಸಂಗ್ರಹವೂ, ಮಹಾಭಾರತವನ್ನು ಕನ್ನಡ ಗದ್ಯದಲ್ಲಿ ಹೇಳುವ 'ಕೃಷ್ಣರಾಜ ವಾಣೀವಿಲಾಸ'ವೂ ಅವರ ಹೆಸರಿನಲ್ಲಿ ಬಂದವು. ಕೆಂಪುನಾರಾಯಣನ 'ಮುದ್ರಾಮಂಜೂಷ' 1823ರಲ್ಲಿ, ಅವರಿನ್ನೂ ಆಳುತ್ತಿದ್ದ ದಿನಗಳಲ್ಲೇ, ಅವರ ಆಶ್ರಯದಲ್ಲಿ ಹುಟ್ಟಿತ್ತು. ಹೊಸಗನ್ನಡ ಗದ್ಯದ ಚರಿತ್ರೆಯನ್ನು ಬರೆಯುವವರು ಈ ಆಸ್ಥಾನವನ್ನು ದಾಟಿ ಹೋಗಲಾರರು.

ಅರಸರಿಗೆ ಚದುರಂಗದಲ್ಲಿ ಬಹಳ ಪ್ರೀತಿ. ಅದರಲ್ಲೂ ಕುದುರೆಯ ನಡೆಯ ಸಮಸ್ಯೆಯಲ್ಲಿ ಅವರು ನಿಪುಣರಾಗಿದ್ದರು: ಮಣೆಯ ಮೇಲೆ ಕುದುರೆಯೊಂದನ್ನೇ ಇಟ್ಟು, ಅರವತ್ತನಾಲ್ಕು ಮನೆಗಳನ್ನೂ ಒಂದೊಂದು ಬಾರಿ ಮಾತ್ರ ಮೆಟ್ಟಿಸಿ, ಹೊರಟ ಮನೆಗೆ ಮರಳುವಂತೆ ನಡೆಸಬೇಕು. ಎದುರಾಳಿಯಿಲ್ಲ, ಗೆಲುವಿಲ್ಲ, ಕಾಯಿ ಹೊಡೆಯುವುದಿಲ್ಲ. ಆದರೆ ಒಂದು ಮನೆಯನ್ನೂ ಬಿಡುವಂತಿಲ್ಲ. ಅಧಿಕಾರವಿಲ್ಲದ ಅರಸರು ದಸರೆಗೆ ದಸರೆ, ಪೂಜೆಗೆ ಪೂಜೆ, ಒಂದನ್ನೂ ಬಿಡದೆ ನಡೆಸಿಕೊಂಡು ಬಂದದ್ದನ್ನು ನೆನೆದಾಗಲೆಲ್ಲ ನನಗೆ ಆ ಕುದುರೆ ನೆನಪಾಗುತ್ತದೆ.

ಜೊತೆಗೆ ಒಂದು ಹಟವೂ ಇತ್ತು. ರಾಜ್ಯವನ್ನು ಹಿಂದಿರುಗಿಸಬೇಕೆಂದು ಪತ್ರದ ಮೇಲೆ ಪತ್ರ ಬರೆದರು. ಔರಸಪುತ್ರರಿಲ್ಲದ ಅರಸರು ಕಣ್ಮುಚ್ಚಿದೊಡನೆ ಮೈಸೂರು ಕಂಪನಿಗೆ ಸೇರಬೇಕೆಂಬುದು ಡಾಲ್ಹೌಸಿಯಂಥವರ ಎಣಿಕೆಯಾಗಿತ್ತು. 1865ರಲ್ಲಿ ಎಪ್ಪತ್ತೊಂದರ ಅಂಚಿನಲ್ಲಿದ್ದ ಮುದುಕರು ಎರಡು ವರ್ಷದ ಮಗುವನ್ನು ದತ್ತು ತೆಗೆದುಕೊಂಡರು. ಅದು ಸಲ್ಲದೆಂದು ಕಲ್ಕತ್ತೆ ಹೇಳಿತು. 1867ರಲ್ಲಿ ಸಲ್ಲುತ್ತದೆಂದು ಲಂಡನ್ ಹೇಳಿತು. ಮರುವರ್ಷ ಅರಸರು ತೀರಿಕೊಂಡರು. ಆ ಮಗುವೇ ಚಾಮರಾಜೇಂದ್ರರು. 1881ರ ಮಾರ್ಚ್ 25ರಂದು ರಾಜ್ಯ ಅವರ ಕೈಗೆ ಮರಳಿತು.

ಹೀಗೆ ಸುಮಾರು ಅರವತ್ತೊಂಬತ್ತು ವರ್ಷದ ಪಟ್ಟ. ಅದರಲ್ಲಿ ಸ್ವಂತವಾಗಿ ಆಳಿದ್ದು ಇಪ್ಪತ್ತು. ಈಗ ಜನರ ಮನಸ್ಸನ್ನು ನೋಡೋಣ. ಆಳುತ್ತಿದ್ದಾಗ ಅವರ ವಿರುದ್ಧ ಕೂಟ ಕಟ್ಟಿದ್ದ ನಾಡು, ಆಳದೆ ಇದ್ದಾಗ ಅವರನ್ನು ಪ್ರೀತಿಸಿತು. ಜನಕ್ಕೆ ಮರೆವು ಹೆಚ್ಚೆಂದು ಇದಕ್ಕೆ ಸುಲಭವಾದ ಸಮಾಧಾನ ಹೇಳಿಬಿಡಬಹುದು. ಅಷ್ಟು ಸರಳವಲ್ಲವೆಂದು ನನಗೆ ತೋರುತ್ತದೆ. ಕಂದಾಯ ಕೇಳುವ ಕೈ ಬೇರೆಯಾದ ಕೂಡಲೆ ಅರಸರು ಕಂದಾಯದ ಪಾಪದಿಂದ ಬಿಡುಗಡೆ ಹೊಂದಿದರು. ತೆರಿಗೆಯ ಶಾಪವೆಲ್ಲ ಬೆಂಗಳೂರಿನ ಕಚೇರಿಗೆ, ಹಬ್ಬದ ಹರಕೆಯೆಲ್ಲ ಮೈಸೂರಿನ ಅರಮನೆಗೆ. ಇದು ಮೊದಲನೆಯ ಕಾರಣ. ಎರಡನೆಯದು, ಕಾಲ. ಅಜ್ಜನ ಮದುವೆಯಲ್ಲೂ ಅವರೇ ಅರಸರು, ಮೊಮ್ಮಗನ ನಾಮಕರಣದಲ್ಲೂ ಅವರೇ ಅರಸರು. ಅಷ್ಟು ದೀರ್ಘಕಾಲ ಇದ್ದ ಮನುಷ್ಯ ಮನುಷ್ಯನಾಗಿ ಉಳಿಯುವುದಿಲ್ಲ. ಊರ ಮುಂದಿನ ಅರಳಿಮರವಾಗುತ್ತಾನೆ. ಮರದಿಂದ ಏನು ಪ್ರಯೋಜನವೆಂದು ಯಾರೂ ಕೇಳುವುದಿಲ್ಲ, ಬಿದ್ದ ದಿನ ಊರೇ ಅಳುತ್ತದೆ. ಮೂರನೆಯದು, ಅವಮಾನವನ್ನು ನುಂಗಿಕೊಂಡು ತನ್ನ ಜಾಗವನ್ನು ಬಿಡದೆ ನಿಂತವರಲ್ಲಿ ನಮಗಿರುವ ಗೌರವ. ಪದವಿ ಕಳೆದುಕೊಂಡ ಹರಿಶ್ಚಂದ್ರನಿಗೆ ಮರುಗುವಷ್ಟು ಪದವಿಯಲ್ಲಿದ್ದ ಹರಿಶ್ಚಂದ್ರನಿಗೆ ನಾವು ಎಂದೂ ಮಣಿದಿಲ್ಲ.

ಎಲಿಜಬೆತ್ ರಾಣಿಯ ವಿಚಾರದಲ್ಲೂ ಇದೇ ನಡೆಯಿತೆಂದು ಕಾಣುತ್ತದೆ. ಆಕೆಯ ಜನರ ಪ್ರೀತಿಯೂ ಒಂದೇ ಸಮನಾಗಿ ಹರಿದ ಹೊಳೆಯಲ್ಲ. 1992ರಲ್ಲಿ ವಿಂಡ್ಸರ್ ಅರಮನೆಗೆ ಬೆಂಕಿ ಬಿದ್ದಾಗ, ದುರಸ್ತಿಯ ಖರ್ಚು ನಮ್ಮ ತಲೆಯ ಮೇಲೇಕೆ ಎಂದು ಪ್ರಜೆಗಳು ಕೇಳಿದರು; ಮರುವರ್ಷದಿಂದ ರಾಣಿ ವರಮಾನ ತೆರಿಗೆ ಕೊಡತೊಡಗಿದಳು. 1997ರಲ್ಲಿ ಸೊಸೆಯಾಗಿದ್ದ ಡಯಾನಾ ತೀರಿಕೊಂಡಾಗ, ರಾಣಿ ರಾಜಧಾನಿಗೆ ಬಾರದೆ ದೂರದ ಬಾಲ್‌ಮೋರಲ್‌ನಲ್ಲೇ ಉಳಿದಳೆಂದು ಜನ ಸಿಟ್ಟಾದರು. ಆಕೆ ಬರಲೇಬೇಕಾಯಿತು, ಬಂದು ಮಾತನಾಡಲೇಬೇಕಾಯಿತು. ಅಂಥ ಜನರೇ ಇಪ್ಪತ್ತೈದು ವರ್ಷಗಳ ಮೇಲೆ ಸುಮಾರು ಎರಡೂವರೆ ಲಕ್ಷ ಸಂಖ್ಯೆಯಲ್ಲಿ ಆಕೆಯ ಶವಪೆಟ್ಟಿಗೆಯ ಮುಂದೆ ಹಾದುಹೋದರು. ರಾಣಿಯನ್ನು ತಿದ್ದಿದವರೂ ಅವರೇ, ಆಕೆಗೆ ಅತ್ತವರೂ ಅವರೇ. ರಾಜಭಕ್ತಿಯೆಂದರೆ ಕುರುಡು ವಿಧೇಯತೆಯೆಂದು ತಿಳಿಯುವವರು ಈ ಎರಡನ್ನೂ ಒಟ್ಟಿಗೆ ನೋಡಬೇಕು.

ಇಷ್ಟೆಲ್ಲ ಯೋಚಿಸಿ ಬೆಟ್ಟ ಇಳಿಯುವಾಗ, ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗೆ ಅನಿಸಿತು. ಆದರೆ ಕೊನೆಯ ಬೆಂಚಿನ ಹುಡುಗನ ಪ್ರಶ್ನೆ ಇದ್ದ ಹಾಗೆಯೇ ಇತ್ತು.

ನಮ್ಮ ಹಳ್ಳಿಗಳಲ್ಲಿ ಅರಸನೊಬ್ಬನೇ ವಂಶದ ಕೆಲಸಕ್ಕೆ ಹುಟ್ಟಿದವನಲ್ಲ. ಪಟೇಲ, ಶಾನುಭೋಗ, ತಳವಾರ, ನೀರಗಂಟಿ, ತೋಟಿ — ಇವರೆಲ್ಲರೂ ತಂದೆಯಿಂದ ಮಗನಿಗೆ ಇಳಿದು ಬಂದ ಕೆಲಸದವರೇ. ನಮ್ಮ ತಾತನೂ ಶಾನುಭೋಗರಾಗಿದ್ದರು. ಅವರ ಲೆಕ್ಕದ ಕಡತಗಳನ್ನು ರುಮಾಲಿನಲ್ಲಿ ಕಟ್ಟಿ ದೇವರ ಮನೆಯ ಅಟ್ಟದ ಮೇಲೆ ಇಟ್ಟದ್ದನ್ನು ನಾನೇ ಕಂಡಿದ್ದೇನೆ. 'ನಾಲ್ಕು ತಲೆಮಾರಿನ ಶಾನುಭೋಗಿಕೆ' ಎಂದು ಮನೆಯವರು ಹೇಳುವಾಗ ಅವರ ದನಿಯಲ್ಲಿದ್ದದ್ದು ಅರಮನೆಯವರ ದನಿಯೇ. ಇನ್ನು ತೋಟಿ? ಕಂದಾಯದ ಹಣವನ್ನು ಕಾದುಕೊಂಡು ಹೋಗುವವನು ಅವನು. ಬಂದ ಅಧಿಕಾರಿಯ ಗಂಟನ್ನು ಹೊರುವವನು ಅವನು. ಗಡಿಕಲ್ಲು ಎಲ್ಲಿದೆಯೆಂದು ಬಲ್ಲವನು, ರಾತ್ರಿ ಹೊತ್ತು ಸಾವಿನ ಸುದ್ದಿಯನ್ನು ಪಕ್ಕದೂರಿಗೆ ಮುಟ್ಟಿಸುವವನು, ಸತ್ತ ದನವನ್ನು ಸಾಗಿಸುವವನು ಅವನೇ. ಕರೆದಾಗ ಇಲ್ಲವೆನ್ನುವಂತಿಲ್ಲ, ಕರೆದವರ ಅಂಗಳವನ್ನು ಮೆಟ್ಟುವಂತಿಲ್ಲ. ಶಾನುಭೋಗರ ಲೆಕ್ಕದ ಪುಸ್ತಕದಲ್ಲಿ ಅವನ ಕಾಲ್ನಡಿಗೆ ಎಲ್ಲಿಯೂ ನಮೂದಾಗಿಲ್ಲ.

ಪಾರಂಪರ್ಯದ ಕರ್ತವ್ಯವೆಂಬ ಒಂದೇ ಮಾತಿನಿಂದ ನಾವು ಈ ಮೂರನ್ನೂ ಕರೆಯುತ್ತೇವೆ. ಅರಸನ ಹಣೆಗೆ ಕಟ್ಟಿದ್ದು ಚಿನ್ನದ ಪಟ್ಟಿ. ಬೇಡವೆಂದರೆ ಎಡ್ವರ್ಡನ ಹಾಗೆ ಬಿಚ್ಚಿಟ್ಟು ಹೋಗಿ ಸುಖವಾಗಿ ಬಾಳಬಹುದಿತ್ತು. ತೋಟಿಗೆ ಕಟ್ಟಿದ್ದನ್ನು ಬಿಚ್ಚುವ ಅಧಿಕಾರ ತೋಟಿಗಿರಲಿಲ್ಲ. ಬಿಟ್ಟು ಹೋಗಬಲ್ಲವನು ಬಿಡದೆ ನಿಂತರೆ ಅದಕ್ಕೆ ಕರ್ತವ್ಯವೆಂಬ ಹೆಸರು ಸಲ್ಲುತ್ತದೆ. ಬಿಡಲಾರದವನನ್ನು ನಿಲ್ಲಿಸಿದರೆ ಅದಕ್ಕೆ ಬೇರೆ ಹೆಸರಿದೆ. ನಾನು ತರಗತಿಯಲ್ಲಿ 'ಆಳು' ಎಂಬ ಶಬ್ದದ ಸೊಗಸನ್ನು ತೋರಿಸುತ್ತಿದ್ದಾಗ, ಆಳಾಗಿಯೇ ಸವೆದುಹೋದವರ ಮೊಮ್ಮಗನೊಬ್ಬ ಅದನ್ನು ಕೇಳುತ್ತ ಕುಳಿತಿದ್ದನೆಂಬ ಅರಿವು ನನಗಿರಲಿಲ್ಲ. 'ಆಳಾಗಿ ದುಡಿ, ಅರಸಾಗಿ ಉಣ್ಣು' ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ನಮ್ಮ ಊರುಗಳಲ್ಲಿ ದುಡಿದವನೊಬ್ಬ, ಉಂಡವನೊಬ್ಬ.

ಹಾಗಾದರೆ ಅಜ್ಜಿಯ ದೇವರ ಗೂಡಿನ ಪಟವನ್ನು ಏನು ಮಾಡಬೇಕು? ತೆಗೆದುಹಾಕಬೇಕೆ? ಇದನ್ನು ಬಹಳ ಯೋಚಿಸಿದ್ದೇನೆ. ಅರಸು ಮನೆತನದವರು ಮಾಡಿದ್ದರಲ್ಲಿ ಯಾವುದು ಉಳಿಯಿತೆಂದು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಮುಮ್ಮಡಿಯವರ ದರ್ಬಾರು ಉಳಿಯಲಿಲ್ಲ, ಶಾಲೆ ಉಳಿಯಿತು. ರಾಜ್ಯ ಮರಳಿ ಬಂದ 1881ರಲ್ಲಿಯೇ ಪ್ರಜಾಪ್ರತಿನಿಧಿ ಸಭೆ ಹುಟ್ಟಿತು. ನಾಲ್ವಡಿಯವರ ಕಾಲದಲ್ಲಿ, 1918ರಲ್ಲಿ, ಸರ್ಕಾರಿ ಕೆಲಸಗಳು ಕೆಲವೇ ಜಾತಿಗಳ ಸೊತ್ತಾಗಿವೆಯೆಂಬ ದೂರನ್ನು ವಿಚಾರಿಸಲು ಮಿಲ್ಲರ್ ಸಮಿತಿ ನೇಮಕವಾಯಿತು. ಹಿಂದುಳಿದವರಿಗೆ ಬಾಗಿಲು ಸ್ವಲ್ಪವಾದರೂ ತೆರೆಯಿತು. ಹುಟ್ಟಿನಿಂದಲೇ ಪದವಿಗೆ ಬಂದವರು, ಹುಟ್ಟೇ ಪದವಿಗೆ ದಾರಿಯಾಗಬಾರದೆಂಬುದಕ್ಕೆ ಸಹಿ ಹಾಕಿದಾಗ ಮಾಡಿದ ಕೆಲಸವೇ ಬಾಳಿತು. ಅದೂ ತಾನಾಗಿ ಬಂದದ್ದಲ್ಲ, ಕೇಳಿದವರಿದ್ದರು, ಕೂಗಿದವರಿದ್ದರು. 1947ರಲ್ಲಿ 'ಮೈಸೂರು ಚಲೋ' ಚಳವಳಿ ನಡೆದ ಮೇಲೆಯೇ ಜಯಚಾಮರಾಜ ಒಡೆಯರು ಜವಾಬ್ದಾರಿ ಸರ್ಕಾರಕ್ಕೆ ಒಪ್ಪಿದ್ದು. ನಗರದ ಕೂಟದವರ ವಂಶ ಅರಸರ ವಂಶದಷ್ಟೇ ಹಳೆಯದು. ಅದರ ಪಟವನ್ನು ನಾವು ಯಾವ ಗೂಡಿನಲ್ಲೂ ಇಟ್ಟಿಲ್ಲ, ಅಷ್ಟೆ.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ. 1961ರ ಫೆಬ್ರವರಿಯಲ್ಲಿ ಎಲಿಜಬೆತ್ ರಾಣಿ ಬೆಂಗಳೂರಿಗೆ ಬಂದಿದ್ದಳು. ಲಾಲ್‌ಬಾಗಿನಲ್ಲಿ ಒಂದು ಸಸಿ ನೆಟ್ಟಳು. ಆಗ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿದ್ದವರು ಜಯಚಾಮರಾಜ ಒಡೆಯರು. ಪಟ್ಟ ಬಿಚ್ಚಿಟ್ಟು ಗಣರಾಜ್ಯದ ಸೇವಕರಾದವರು. ಪಟ್ಟದಲ್ಲಿದ್ದವಳನ್ನು ಪಟ್ಟ ಇಳಿಸಿದವರು ಸ್ವಾಗತಿಸಿದ ಆ ದೃಶ್ಯವನ್ನು ನೋಡಲು ಜನ ನೆರೆದರು. ಅದೇ 1961ರಲ್ಲಿ ಮೈಸೂರು ರಾಜ್ಯದಲ್ಲಿ ಇನ್ನೊಂದು ಕೆಲಸ ನಡೆಯಿತು. ಅದನ್ನು ನೋಡಲು ಯಾರೂ ನೆರೆಯಲಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಪಡಿಸುವ ಕಾಯಿದೆಯಾಯಿತು. 1963ರ ಫೆಬ್ರವರಿ 1ರಿಂದ ಅದು ಜಾರಿಗೆ ಬಂತು. ಅಂದಿನಿಂದ ನಮ್ಮ ತಾತ ಶಾನುಭೋಗರಲ್ಲ. ಹುಡುಗನ ಅಜ್ಜ ತೋಟಿಯಲ್ಲ.

ರಜೆ ಮುಗಿದ ಮೇಲೆ ತರಗತಿಯಲ್ಲಿ ಇಷ್ಟನ್ನೂ ಹೇಳಿದೆ. ಹಿಂದಿನ ದಿನ ನಾನು ಆಡಿದ ಮಾತು ಅರ್ಧ ಮಾತ್ರ ನಿಜವೆಂದೂ, ಉಳಿದರ್ಧವನ್ನು ಕೊನೆಯ ಬೆಂಚಿನಿಂದ ಕಲಿತೆನೆಂದೂ ಒಪ್ಪಿಕೊಂಡೆ. ನಮ್ಮ ಮನೆಯಲ್ಲಿ ಶಾನುಭೋಗಿಕೆ ಹೋದ ದಿನ ತಾತ ಊಟ ಮಾಡಲಿಲ್ಲವೆಂದು ಕೇಳಿದ್ದನ್ನೂ ಹೇಳಿದೆ. ತರಗತಿ ಬಿಟ್ಟ ಮೇಲೆ ಆ ಹುಡುಗ ಕಾರಿಡಾರಿನಲ್ಲಿ ನನ್ನ ಜೊತೆ ನಾಲ್ಕು ಹೆಜ್ಜೆ ನಡೆದು ಬಂದ.

"ಸರ್, ಕಾಯಿದೆ ಬಂದಮೇಲೂ ಊರಿನೋರು ಸ್ವಲ್ಪ ದಿನ ಅಜ್ಜನ್ನ ಕರೀತಾನೇ ಇದ್ರಂತೆ. ಒಂದಿನ ಬೆಳಿಗ್ಗೆ ಯಾರೋ ಬಂದು ಹೊರಗಿಂದ ಕೂಗಿದ್ರಂತೆ. ಅಜ್ಜ ಎಚ್ಚರವಾಗೇ ಇದ್ರು, ಆದ್ರೆ ಏಳಲಿಲ್ವಂತ" ಎಂದ.

"ಆಮೇಲೆ?"

"ಬಿಸಿಲು ಬರೋವರೆಗೂ ಮಲಗೇ ಇದ್ರಂತೆ ಸರ್. ಅಷ್ಟೇ. ನಮ್ಮಜ್ಜಿ ಈಗಲೂ ಆ ದಿನದ ಕಥೆ ಹೇಳ್ತಾರೆ, ಹಬ್ಬದ ಕಥೆ ಹೇಳಿದ ಹಾಗೆ."